ಫ್ರೀಜರಿನಿಂದ ಕಾಜಾವರೆಗೆ: ಚಳಿಗಾಲದ ಸ್ಪಿತಿಗೆ ಒಂದು ಹಿಮಾಲಯನ್ ಬೈಕು ಸಿದ್ಧವಾದ ಬಗೆ

ಚಳಿಗೆ ಬೈಕು ಸಿದ್ಧ ಮಾಡುವ ಕೆಲಸಕ್ಕೆ ಬೆಂಗಳೂರು ಒದಗಿ ಬರುವ ಊರಲ್ಲ. ಜನವರಿಯ ಬೆಳಗಿನ ಜಾವದಲ್ಲೂ ಇಲ್ಲಿ 15 ಡಿಗ್ರಿಯ ಆಸುಪಾಸು. ಹಾಕಿದ ಆಯಿಲ್ ಸರಿಯೇ, ಎಳೆದ ವೈರು ತಡೆಯುತ್ತದೆಯೇ, ಹಚ್ಚಿದ ಗ್ರೀಸು ಗಟ್ಟಿಯಾಗುತ್ತದೆಯೇ ಅನ್ನುವುದೆಲ್ಲ ಗೊತ್ತಾಗುವುದು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಾಜಾದಲ್ಲಿ, ಮೈನಸ್ 20 ಡಿಗ್ರಿಯ ಬೆಳಗಿನಲ್ಲಿ. ಅಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ. ಹಾಗಾಗಿ ಕೆಲಸವನ್ನು ಅಡುಗೆಮನೆಯ ಫ್ರೀಜರಿನಿಂದ ಶುರು ಮಾಡಿದೆ. ಮನೆಯ ಫ್ರೀಜರು ಮೈನಸ್ 18ರ ಹತ್ತಿರ ನಿಲ್ಲುತ್ತದೆ. ಕಾಜಾದ ಒಂದು ಸಾಧಾರಣ ಚಳಿಗಾಲದ ಬೆಳಗಿಗೆ ಅದು ಸಾಕಷ್ಟು ಹತ್ತಿರ.

ಬೈಕು 2020ರ, ಬಿಎಸ್6 ಹೊಗೆ ನಿಯಮದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. 411 ಸಿಸಿಯ ಒಂಟಿ ಸಿಲಿಂಡರು, ಗಾಳಿ ಮತ್ತು ಆಯಿಲಿನಿಂದ ತಣಿಯುವ ಇಂಜಿನ್ನು, ಫ್ಯೂಯೆಲ್ ಇಂಜೆಕ್ಷನ್, 15 ಲೀಟರಿನ ಟ್ಯಾಂಕು, ಕಡ್ಡಿಯ ಚಕ್ರ, ಟ್ಯೂಬ್ ಇರುವ ಟೈರು. ಕೂಲೆಂಟ್ ಇಲ್ಲದ ಇಂಜಿನ್ ಆದ್ದರಿಂದ ಹೆಪ್ಪುಗಟ್ಟುವ ನೀರಿನ ಚಿಂತೆಯಿಲ್ಲ. ನೀರಿನಿಂದ ತಣಿಯುವ 450ರಂಥ ಹೊಸ ಬೈಕು ಇರುವವರು ಮೊದಲು ಕೂಲೆಂಟಿನ ಹದ ನೋಡಿಕೊಳ್ಳಬೇಕು. ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರು ಸಮ ಪ್ರಮಾಣದಲ್ಲಿದ್ದರೆ ಮೈನಸ್ 35ರವರೆಗೆ ಭಯವಿಲ್ಲ, ಬರೀ ನೀರು ಸೇರಿಸಿ ತೆಳ್ಳಗೆ ಮಾಡಿದ್ದರೆ ರೇಡಿಯೇಟರು ಒಡೆಯುತ್ತದೆ.

ನನ್ನ ಬೈಕಿಗೆ ಕಿಕ್ಕರ್ ಇಲ್ಲ. ಸೆಲ್ಫ್ ತಿರುಗದಿದ್ದರೆ ತಳ್ಳಿ ಸ್ಟಾರ್ಟ್ ಮಾಡಬೇಕು. ಮಂಜುಗಡ್ಡೆಯ ಮೇಲೆ ಗೇರು ಹಾಕಿ ತಳ್ಳಿದರೆ ಹಿಂದಿನ ಚಕ್ರ ತಿರುಗದೆ ಹಾಗೆಯೇ ಜಾರುತ್ತದೆ. ಮೇಲಾಗಿ ಇಂಜೆಕ್ಷನ್ ಬೈಕಿನಲ್ಲಿ ಪೆಟ್ರೋಲ್ ಪಂಪು ಓಡಲೂ ಬ್ಯಾಟರಿ ಬೇಕು. ಒಟ್ಟಿನಲ್ಲಿ ಇಡೀ ತಯಾರಿ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಬೆಳಗ್ಗೆ ಸೆಲ್ಫ್ ಒತ್ತಿದಾಗ ತಿರುಗಿಸಲು ಬೇಕಾದಷ್ಟು ಕರೆಂಟು ಉಳಿದಿರುತ್ತದೆಯೇ?

ಫ್ರೀಜರಿನ ಕೆಲಸ

ಗಾಜಿನ ಸಣ್ಣ ಬಾಟಲಿಗಳಲ್ಲಿ ಎರಡು ಬಗೆಯ ಆಯಿಲ್ ತುಂಬಿ ರಾತ್ರಿಯಿಡೀ ಇಟ್ಟೆ. ಒಂದು ಈ ಬೈಕಿಗೆ ಮಾಮೂಲಾಗಿ ಹಾಕುವ 15ಡಬ್ಲ್ಯು-50, ಇನ್ನೊಂದು ಪೂರ್ತಿ ಸಿಂಥೆಟಿಕ್ 10ಡಬ್ಲ್ಯು-50. ಬೆಳಗ್ಗೆ ಎರಡನ್ನೂ ಒಟ್ಟಿಗೆ ಓರೆ ಮಾಡಿ ಹಿಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. 15ಡಬ್ಲ್ಯು ಚಳಿಗೆ ಗಟ್ಟಿಯಾದ ಜೋನಿಬೆಲ್ಲದ ಹಾಗೆ ಬಾಟಲಿಯ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಇಳಿಯಿತು. 10ಡಬ್ಲ್ಯು ಸೋಮಾರಿಯಾಗಿಯಾದರೂ ಹರಿಯಿತು.

ಆ ಸಂಖ್ಯೆಗಳ ಅರ್ಥವೂ ಅದೇ. ಡಬ್ಲ್ಯು ಅಂದರೆ ಚಳಿಗಾಲದ ದರ್ಜೆ. 15ಡಬ್ಲ್ಯು ಆಯಿಲನ್ನು ಇಂಜಿನ್ ತಿರುಗಿಸುವ ಪರೀಕ್ಷೆಗೆ ಮೈನಸ್ 20ರಲ್ಲಿ, ಪಂಪಿನಿಂದ ಏರುತ್ತದೆಯೇ ಎಂದು ನೋಡಲು ಮೈನಸ್ 25ರಲ್ಲಿ ಅಳೆಯುತ್ತಾರೆ. 10ಡಬ್ಲ್ಯು ಆದರೆ ಎರಡೂ ಮಿತಿ ಐದೈದು ಡಿಗ್ರಿ ಕೆಳಗಿಳಿಯುತ್ತವೆ, ಅಂದರೆ ಮೈನಸ್ 25 ಮತ್ತು ಮೈನಸ್ 30. ಕಾಜಾದ ರಾತ್ರಿ ಮೈನಸ್ 25ಕ್ಕೆ ಇಳಿಯುವುದು ಅಪರೂಪವೇನಲ್ಲ. ಆ ಐದು ಡಿಗ್ರಿಯೇ ನನಗೆ ಬೇಕಿದ್ದದ್ದು. ಬಿಸಿಯಾದ ಮೇಲಿನ ದರ್ಜೆ ಎರಡರಲ್ಲೂ 50 ಆದ್ದರಿಂದ ಶಿಮ್ಲಾದ ಕೆಳಗಿನ ಏರುಗಳಲ್ಲೂ ಇಂಜಿನ್‌ಗೆ ತೊಂದರೆಯಿಲ್ಲ. ನೋಡಬೇಕಾದ ಇನ್ನೊಂದು ವಿಷಯ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂಬ, ಬೈಕಿನ ಆಯಿಲಿಗೆ ಕೊಡುವ ಗುರುತು. ಕ್ಲಚ್ಚು ಇಂಜಿನ್ ಆಯಿಲಿನಲ್ಲೇ ಮುಳುಗಿರುವ ಬೈಕಿಗೆ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಪ್ಲೇಟುಗಳು ಜಾರಲು ಶುರುವಾಗಬಹುದು.

ಆಯಿಲ್ ಆದಮೇಲೆ ಫ್ರೀಜರಿಗೆ ಹೋದದ್ದು ಗ್ರೀಸು, ವೈರು, ಟೇಪು, ಪ್ಲಾಸ್ಟಿಕ್ ಟೈಗಳು. ಎಲ್ಲರೂ ಆಯಿಲಿನ ಬಗ್ಗೆ ಮಾತಾಡುತ್ತಾರೆ, ಇವುಗಳ ಬಗ್ಗೆ ಯಾರೂ ಹೇಳುವುದಿಲ್ಲ. ಅಗ್ಗದ ನೈಲಾನ್ ಟೈಗಳನ್ನು ಹೊರತೆಗೆದ ಕೂಡಲೇ ಬಗ್ಗಿಸಿದರೆ ಟಕ್ಕೆಂದು ಮುರಿದವು. ಮನೆ ವೈರಿಂಗಿಗೆ ಬಳಸುವ ಪಿವಿಸಿ ಹೊದಿಕೆಯ ವೈರು ಸೆಟೆದುಕೊಂಡು, ಮಡಿಸಿದ ಜಾಗದಲ್ಲಿ ಬಿರುಕು ಬಿಟ್ಟಿತು. ಹ್ಯಾಂಡಲಿನ ಕೊರಳಿನ ಹತ್ತಿರ ಹಾದುಹೋಗುವ ವೈರು ಪ್ರತಿ ತಿರುವಿನಲ್ಲೂ ಬಾಗುತ್ತದೆ. ಅಲ್ಲಿ ಇಂಥ ವೈರು ಇದ್ದರೆ ಶಾರ್ಟ್ ಆಗುವುದು ಖಚಿತ. ಸಿಲಿಕೋನ್ ಹೊದಿಕೆಯ ವೈರು ಮಾತ್ರ ಫ್ರೀಜರಿನಿಂದ ಬಂದಾಗಲೂ ಮೆತ್ತಗೇ ಇತ್ತು. ಬೈಕಿಗೆ ನಾನು ಸೇರಿಸಿದ ಅಷ್ಟೂ ವೈರನ್ನು ಕಿತ್ತು ಸಿಲಿಕೋನಿಗೆ ಬದಲಿಸಿದೆ. ಜೆ.ಸಿ. ರಸ್ತೆಯಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಟೈಗಳ ಬದಲು ಬಟ್ಟೆಯ ಟೇಪು ಮತ್ತು ವೆಲ್ಕ್ರೋ ಪಟ್ಟಿ. ಮಾಮೂಲಿ ಪಿವಿಸಿ ಇನ್ಸುಲೇಷನ್ ಟೇಪಿನ ಅಂಟು ಚಳಿಯಲ್ಲಿ ಪೂರ್ತಿ ಬಿಟ್ಟುಕೊಡುತ್ತದೆ, ಅದನ್ನು ಟೂಲ್ ಚೀಲದಿಂದಲೇ ತೆಗೆದುಹಾಕಿದೆ.

ಗ್ರೀಸಿನಲ್ಲೂ ಇದೇ ಕಥೆ. ಡಬ್ಬದಲ್ಲಿ ಬೆಣ್ಣೆಯ ಹದದಲ್ಲಿದ್ದ ಸಾಧಾರಣ ಗ್ರೀಸು ಬೆಳಗ್ಗೆ ಬೆರಳಿಗೆ ಬಗ್ಗಲಿಲ್ಲ. ಬ್ರೇಕ್ ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಇದನ್ನು ಹಚ್ಚಿದ್ದರೆ ಪ್ಯಾಡು ಡಿಸ್ಕನ್ನು ಬಿಟ್ಟು ಹಿಂದೆ ಸರಿಯುವುದೇ ಇಲ್ಲ. ಪಿನ್ನುಗಳನ್ನು ಬಿಚ್ಚಿ, ಹಳೆಯದನ್ನು ಒರೆಸಿ, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸು ಸವರಿದೆ. ಬ್ರೇಕ್ ಆಯಿಲನ್ನೂ ಬದಲಿಸಿದೆ. ಡಾಟ್ 4 ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ, ಕರಾವಳಿಯ ಮಳೆಗಾಲ ಕಂಡ ಬೈಕಿನಲ್ಲಿ ಇನ್ನೂ ಬೇಗ.

ಕರೆಂಟಿನ ಲೆಕ್ಕ

ಸೀಸದ ಬ್ಯಾಟರಿ ಮೈನಸ್ 18ರಲ್ಲಿ ತನ್ನ ತಿರುಗಿಸುವ ಶಕ್ತಿಯ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಈ ಬೈಕಿನದು 8 ಆಂಪಿಯರ್ ಅವರಿನ ಚಿಕ್ಕ ಬ್ಯಾಟರಿ. ಚಾರ್ಜ್ ತುಂಬಿದ ಬ್ಯಾಟರಿಯೊಳಗಿನ ಆಮ್ಲ ಮೈನಸ್ 50ರಲ್ಲೂ ಹೆಪ್ಪುಗಟ್ಟದು; ಆದರೆ ಖಾಲಿಯಾದ ಬ್ಯಾಟರಿಯಲ್ಲಿ ಉಳಿಯುವುದು ಹೆಚ್ಚುಕಮ್ಮಿ ನೀರೇ ಆದ್ದರಿಂದ ಮೈನಸ್ 10ರ ಆಸುಪಾಸಿನಲ್ಲೇ ಗಡ್ಡೆಯಾಗಿ ಪ್ಲೇಟುಗಳು ಬಾಗುತ್ತವೆ. ಸಂಜೆ ಅರ್ಧ ಖಾಲಿ ಬಿಟ್ಟು ಮಲಗಿದರೆ ಬೆಳಗ್ಗೆ ಬ್ಯಾಟರಿಯೇ ಹೋಗಿರಬಹುದು.

ಹಗುರವಾದ ಲಿಥಿಯಂ ಬ್ಯಾಟರಿ ಹಾಕು ಎಂದು ಗೆಳೆಯರು ಹೇಳಿದರು. ಅದನ್ನು ನಾನು ಖಂಡಿತ ಒಪ್ಪಲಿಲ್ಲ. ಸೊನ್ನೆಗಿಂತ ಕೆಳಗೆ ಲಿಥಿಯಂ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಒಳಗೆ ಲೋಹದ ಪದರ ಕೂತು ಸೆಲ್ಲು ಶಾಶ್ವತವಾಗಿ ಹಾಳಾಗುತ್ತದೆ, ಮತ್ತು ಬೈಕು ಸ್ಟಾರ್ಟ್ ಆದ ಕ್ಷಣದಿಂದ ಚಾರ್ಜ್ ಕೊಡುತ್ತಲೇ ಇರುತ್ತದೆ. ಹೊಸ ಸೀಸದ ಬ್ಯಾಟರಿ ಕೊಂಡು, ಪೂರ್ತಿ ಚಾರ್ಜ್ ಮಾಡಿ, ರಾತ್ರಿಯಿಡೀ ಬಿಟ್ಟು 12.8 ವೋಲ್ಟ್ ನಿಂತದ್ದನ್ನು ನೋಡಿಕೊಂಡು ಹಾಕಿದೆ.

ಮುಂದಿನದು ಖರ್ಚಿನ ಲೆಕ್ಕ. ಆಲ್ಟರ್ನೇಟರಿನಿಂದ ಬರುವುದು ಇನ್ನೂರು ಚಿಲ್ಲರೆ ವ್ಯಾಟು, ಅದೂ ಇಂಜಿನ್ ಚೆನ್ನಾಗಿ ತಿರುಗುತ್ತಿದ್ದಾಗ. ಹೆಡ್‌ಲೈಟ್ 55 ವ್ಯಾಟ್. 2017ರ ನಿಯಮದಿಂದಾಗಿ ಹಗಲಲ್ಲೂ ಉರಿಯುತ್ತಲೇ ಇರುತ್ತದೆ. ಪೆಟ್ರೋಲ್ ಪಂಪು, ಇಂಜೆಕ್ಟರು, ಇಗ್ನಿಷನ್ನು, ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಇಸಿಯು ಸೇರಿ ಇನ್ನೊಂದು 60 ಎಂದು ಹಿಡಿದೆ. ಹ್ಯಾಂಡಲಿಗೆ ಹಾಕಿದ, ಕರೆಂಟಿನಿಂದ ಬಿಸಿಯಾಗುವ ಹಿಡಿಕೆಗಳು ಪೂರ್ತಿ ಇಟ್ಟರೆ 4 ಆಂಪ್, ಅಂದರೆ 50 ವ್ಯಾಟಿನಷ್ಟು. ಫೋನ್ ಚಾರ್ಜರ್ 10. ಕಾಗದದ ಮೇಲೆ ಎಲ್ಲ ಸರಿಹೋಗುತ್ತದೆ. ಆದರೆ ಬ್ಯಾಟರಿಗೆ ಮೀಟರ್ ಹಚ್ಚಿ ಎಲ್ಲ ಹಾಕಿ ನೋಡಿದಾಗ ಬೇರೆಯದೇ ಕಂಡಿತು. ಇಂಜಿನ್ ನಿಂತಲ್ಲೇ ಓಡುವಾಗ ವೋಲ್ಟೇಜು 12.6ಕ್ಕೆ ಇಳಿಯುತ್ತಿತ್ತು, ಅಂದರೆ ಬ್ಯಾಟರಿ ಖಾಲಿಯಾಗುತ್ತಿತ್ತು. ಥ್ರಾಟಲ್ ತುಸು ತಿರುಗಿಸಿ 2,500 ಸುತ್ತಿಗೆ ಏರಿಸಿದರೆ 13.9. ಹಿಡಿಕೆ ಆರಿಸಿದರೆ ನಿಂತಲ್ಲೂ 13.4.

ಚಳಿಗಾಲದ ಸ್ಪಿತಿ ರಸ್ತೆಯಲ್ಲಿ ನಿಂತು ಕಾಯುವುದು, ತೆವಳುವುದು ಬಹಳ. ಜೆಸಿಬಿ ಮಂಜು ತಳ್ಳುವವರೆಗೆ ಕಾಯಬೇಕು, ಲಾರಿಯ ಹಿಂದೆ ನಡೆಯುವ ವೇಗದಲ್ಲಿ ಸಾಗಬೇಕು. ಕೈ ಹೆಚ್ಚು ಮರಗಟ್ಟುವ ಹೊತ್ತಲ್ಲೇ ಕರೆಂಟು ಕಮ್ಮಿ. ಹಾಗಾಗಿ ಹಿಡಿಕೆಯ ಬಿಸಿಯನ್ನು ನೆಚ್ಚಿಕೊಳ್ಳಬಾರದೆಂದು ತೀರ್ಮಾನಿಸಿದೆ. ಸೀಟ್ ಕವರ್ ಹೊಲಿಯುವವರ ಬಳಿ ಕೂತು, ಹೊರಗೆ ರೆಕ್ಸಿನ್, ಒಳಗೆ ಉಣ್ಣೆಬಟ್ಟೆ ಇಟ್ಟು ಎರಡು ದೊಡ್ಡ ಕೈಚೀಲ ಹೊಲಿಸಿದೆ. ಹ್ಯಾಂಡಲಿನ ತುದಿಗೆ ತೊಡಿಸಿದರೆ ಹಿಡಿಕೆ, ಕ್ಲಚ್ಚು, ಬ್ರೇಕಿನ ಲಿವರು ಎಲ್ಲ ಒಳಗೆ. ದೆಹಲಿ, ಪಂಜಾಬಿನಲ್ಲಿ ಚಳಿಗಾಲ ಬಂತೆಂದರೆ ಸ್ಕೂಟರುಗಳಿಗೆಲ್ಲ ಇಂಥವು ಏರುತ್ತವೆ. ನನ್ನದರ ಬಾಯಿಯನ್ನು ಅಗಲ ಮಾಡಿಸಿದೆ. ಬೈಕು ಜಾರಿದರೆ ಕೈ ಒಳಗೆ ಸಿಕ್ಕಿಕೊಳ್ಳಬಾರದು. ಗಾಳಿ ತಡೆದರೆ ಅರ್ಧ ಗೆದ್ದ ಹಾಗೆ. ಮೈನಸ್ 10ರಲ್ಲಿ ಗಂಟೆಗೆ 40 ಕಿಲೋಮೀಟರಿನ ಗಾಳಿ ಬರಿ ಚರ್ಮಕ್ಕೆ ಮೈನಸ್ 21ರಂತೆ ತಾಗುತ್ತದೆ. ಈ ಚೀಲಗಳು ಬಂದ ಮೇಲೆ ಬಿಸಿ ಹಿಡಿಕೆಯನ್ನು ಅರ್ಧಕ್ಕಿಂತ ಮೇಲೆ ಇಡಬೇಕಾಗಲಿಲ್ಲ, ಅಂದರೆ ಖರ್ಚೂ ಅರ್ಧ.

ಹಿಡಿಕೆಗಳಿಗೆ ಬ್ಯಾಟರಿಯಿಂದ ನೇರ ವೈರು, ನಡುವೆ ರಿಲೇ (ಸಣ್ಣ ಕರೆಂಟಿನ ಸೂಚನೆಗೆ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಮತ್ತು 7.5 ಆಂಪಿನ ಫ್ಯೂಸು. ರಿಲೇಗೆ ಸೂಚನೆ ಟೇಲ್ ಲೈಟಿನ ತಂತಿಯಿಂದ. ಕೀಲಿ ತೆಗೆದರೆ ಹಿಡಿಕೆಯೂ ಆರುತ್ತದೆ. ಹ್ಯಾಂಡಲಿನ ಮೇಲೆ ಒಂದು ಪುಟ್ಟ ವೋಲ್ಟ್ ಮೀಟರ್ ಕೂರಿಸಿದೆ. ಇಡೀ ತಯಾರಿಯಲ್ಲಿ ಅತ್ಯಂತ ಅಗ್ಗದ, ಅತಿ ಹೆಚ್ಚು ನೋಡಿದ ವಸ್ತು ಅದು. 13ಕ್ಕಿಂತ ಕೆಳಗಿಳಿದರೆ ಹಿಡಿಕೆ ಆರಿಸು, ಅಷ್ಟೇ ನಿಯಮ.

ಬ್ಯಾಟರಿಯನ್ನು ರಾತ್ರಿ ಕೋಣೆಯೊಳಗೆ ತರಬೇಕೆಂದರೆ ಅದು ಸುಲಭವಾಗಿ ಹೊರಬರಬೇಕು. ಟರ್ಮಿನಲ್ಲಿನ ಸಣ್ಣ ಸ್ಕ್ರೂಗಳ ಜಾಗಕ್ಕೆ ಅಗಲ ತಲೆಯ, ಸ್ಪ್ಯಾನರಿನಲ್ಲಿ ಹಿಡಿಯಬಹುದಾದ ಬೋಲ್ಟು ಹಾಕಿದೆ. ಇಲ್ಲಿಂದ ಇನ್ನೊಂದು ನಿಯಮ ಹುಟ್ಟಿತು: ದಾರಿಯಲ್ಲಿ ಮಾಡಬೇಕಾಗಿ ಬರಬಹುದಾದ ಪ್ರತಿಯೊಂದು ಕೆಲಸವನ್ನೂ ಚಳಿಗಾಲದ ಗ್ಲೌಸ್ ಹಾಕಿಕೊಂಡೇ ಮಾಡಿ ನೋಡಬೇಕು. ಸೀಟು ತೆಗೆಯುವುದು, ಫ್ಯೂಸು ಬದಲಿಸುವುದು, ಚೈನು ಬಿಗಿ ಮಾಡುವುದು, ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಬದಲಿಸುವುದು. ಬೆಂಗಳೂರಿನ ಮಧ್ಯಾಹ್ನದಲ್ಲಿ ದಪ್ಪ ಗ್ಲೌಸ್ ಹಾಕಿಕೊಂಡು ಫ್ಯೂಸು ಹುಡುಕುವುದು ಬೆವರಿಳಿಸುವ ಕೆಲಸ, ಆದರೆ ಯಾವ ಸ್ಕ್ರೂ ಕೈಗೆ ಸಿಗುವುದಿಲ್ಲ, ಯಾವ ಕ್ಲಿಪ್ಪಿಗೆ ದಾರ ಕಟ್ಟಬೇಕು ಎಂಬುದೆಲ್ಲ ಆಗಲೇ ಗೊತ್ತಾಯಿತು. ಮೈನಸ್ 15ರಲ್ಲಿ ಬರಿಗೈಯಲ್ಲಿ ಲೋಹ ಮುಟ್ಟಿದರೆ ಒಂದೆರಡು ನಿಮಿಷಕ್ಕೆ ಬೆರಳು ಹೇಳಿದ ಮಾತು ಕೇಳುವುದಿಲ್ಲ.

ಟೈರಿನ ಗಾಳಿ

ಚಳಿಯಲ್ಲಿ ಟೈರಿನ ಗಾಳಿ ಇಳಿಯುತ್ತದೆ, ಹೆಚ್ಚಿಗೆ ತುಂಬಿಸಿಕೊಂಡು ಹೋಗು ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಸಮತಟ್ಟಿನ ಊರಿಗೆ ಅದು ಸರಿ. ಸ್ಪಿತಿಗೆ ಲೆಕ್ಕ ಬೇರೆ. ಬೆಂಗಳೂರಿನಲ್ಲಿ 28 ಡಿಗ್ರಿಯಲ್ಲಿ ಮುಂದಿನ ಟೈರಿಗೆ 25 ಪಿಎಸ್‌ಐ ಹಾಕಿದ್ದೇನೆ ಅನ್ನಿ. ಹೊರಗಿನ ವಾತಾವರಣದ ಒತ್ತಡ ಇಲ್ಲಿ ಸುಮಾರು 13.2 ಪಿಎಸ್‌ಐ, ಎರಡೂ ಸೇರಿ ಟೈರಿನೊಳಗೆ ಒಟ್ಟು 38.2. ಮೈನಸ್ 10ಕ್ಕೆ ಇಳಿದಾಗ ಅದು 33.4 ಆಗುತ್ತದೆ. ಆದರೆ 3,700 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ 9.3ರಷ್ಟೇ. ಗೇಜು ತೋರಿಸುವುದು ಎರಡರ ವ್ಯತ್ಯಾಸ, ಅಂದರೆ 24. ಚಳಿ ಕಿತ್ತುಕೊಂಡದ್ದನ್ನು ಎತ್ತರ ಹೆಚ್ಚುಕಮ್ಮಿ ಹಿಂದಕ್ಕೆ ಕೊಟ್ಟುಬಿಡುತ್ತದೆ. ಕಾಜಾದಲ್ಲಿ ಗೇಜು ಹಿಡಿದಾಗ 24ಕ್ಕೆ ಒಂದು ಕೂದಲೆಳೆ ಕೆಳಗೆ ಬಂತು. ಲೆಕ್ಕ ಕೂಡಿದ್ದು ಬಹಳ ಖುಷಿಯಾಯಿತು. ಹೆಚ್ಚಿಗೆ ತುಂಬಿಸಿಕೊಂಡು ಹೋಗಿದ್ದರೆ ಮಂಜಿನ ಮೇಲೆ ಗಟ್ಟಿ ಟೈರಿನಲ್ಲಿ ಓಡಿಸಬೇಕಾಗುತ್ತಿತ್ತು. ಎಚ್ಚರ ಬೇಕಾದದ್ದು ಇಳಿಯುವಾಗ: ಸೂರ್ಯನ ಬಿಸಿಲೇ ಕಾಣದ, ಚಳಿ ತುಂಬಿದ ತಗ್ಗಿನ ಊರಲ್ಲಿ ಗಾಳಿ ನಿಜಕ್ಕೂ ಕಮ್ಮಿ ಇರುತ್ತದೆ.

ಮಂಜಿನ ಮೇಲೆ ಹಿಡಿತ ಸಿಗಲೆಂದು ಹಿಂದಿನ 120/90-17 ಟೈರಿಗೆ ಏಣಿ ಮಾದರಿಯ ಕಬ್ಬಿಣದ ಸರಪಳಿ ಮಾಡಿಸಿದೆ. ಎರಡು ಪಕ್ಕದಲ್ಲಿ ಉದ್ದ ಸರಪಳಿ, ನಡುವೆ ಅಡ್ಡ ತುಂಡುಗಳು, ಎಳೆದು ಕಟ್ಟಲು ರಬ್ಬರಿನ ಕೊಕ್ಕೆ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಸ್ವಿಂಗ್ ಆರ್ಮಿಗೆ, ಚೈನಿಗೆ, ಬ್ರೇಕ್ ಹೋಸಿಗೆ ಎಲ್ಲೂ ತಾಗದ ಹಾಗೆ ಒಂದೊಂದೇ ಕೊಂಡಿ ಕತ್ತರಿಸಿ ಹದಕ್ಕೆ ತಂದೆವು. ವೆಲ್ಡಿಂಗ್ ಅಂಗಡಿಯವರಿಗೆ ಇದು ಯಾವುದಕ್ಕೆ ಎಂದು ವಿವರಿಸಲು ಹಿಡಿದ ಹೊತ್ತು ಸರಪಳಿ ಮಾಡಲೂ ಹಿಡಿಯಲಿಲ್ಲ. ಮುಂದಿನ ಟೈರಿಗೆ ಹತ್ತಿರವಿರುವ ಕೆಳಗಿನ ಮಡ್‌ಗಾರ್ಡು ತೆಗೆದಿಟ್ಟೆ. ಅರೆ ಕರಗಿದ ಮಂಜು ಅದರ ಸಂದಿನಲ್ಲಿ ತುಂಬಿ ಗಟ್ಟಿಯಾದರೆ ಚಕ್ರವೇ ಹಿಡಿದುಕೊಳ್ಳುತ್ತದೆ.

ನೀರು ಹೊರಗೆ

ಚಳಿ ಒಂದೇ ಬಂದರೆ ಬೈಕು ತಡೆದುಕೊಳ್ಳುತ್ತದೆ, ಜೊತೆಗೆ ನೀರೂ ಬಂದರೆ ನಿಲ್ಲುತ್ತದೆ. ಕ್ಲಚ್ಚು, ಥ್ರಾಟಲ್ ಕೇಬಲುಗಳನ್ನು ಬಿಚ್ಚಿ ತೂಗುಹಾಕಿ, ಒಳಗಿನ ತೇವ ಹೋಗುವಂತೆ ಗಾಳಿ ಊದಿ, ತೆಳು ಎಣ್ಣೆ ಕೆಳತುದಿಯಿಂದ ತೊಟ್ಟಿಕ್ಕುವವರೆಗೆ ಬಿಟ್ಟೆ. ವೈರಿನ ಕನೆಕ್ಟರುಗಳಿಗೆ, ಕರೆಂಟು ಹರಿಸದೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸು. ಇಗ್ನಿಷನ್ ಬೀಗಕ್ಕೆ ಗ್ರಾಫೈಟ್ ಪುಡಿ. ಹೆಪ್ಪುಗಟ್ಟಿದ ಬೀಗಕ್ಕೆ ಬಿಸಿನೀರು ಸುರಿಯುವವರನ್ನು ನೋಡಿದ್ದೇನೆ, ಹತ್ತು ನಿಮಿಷದಲ್ಲಿ ಅದೇ ನೀರು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರಿನ ಎರಡು ಹನಿ ಅದಕ್ಕಿಂತ ಎಷ್ಟೋ ಮೇಲು.

ಪೆಟ್ರೋಲು ಈ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಡೀಸೆಲ್ ಗಾಡಿಗಳ ಪಾಡು ಬೇರೆ. ಅವುಗಳಿಗಾಗಿಯೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33ರವರೆಗೆ ಹರಿಯುವ ಚಳಿಗಾಲದ ಡೀಸೆಲ್ ಅನ್ನು ಲಡಾಖಿಗೆ ತಂದಿತು. ಪೆಟ್ರೋಲ್ ಟ್ಯಾಂಕಿನಲ್ಲಿ ನೋಡಬೇಕಾದದ್ದು ಖಾಲಿ ಜಾಗ. ಅಲ್ಲಿನ ಗಾಳಿಯ ತೇವ ರಾತ್ರಿ ಇಬ್ಬನಿಯಾಗಿ ಗೋಡೆಗೆ ಕೂತು ಕೆಳಗಿಳಿಯುತ್ತದೆ, ಎಥನಾಲ್ ಬೆರೆತ ಪೆಟ್ರೋಲು ಅದನ್ನು ಹೀರಿಕೊಳ್ಳುತ್ತದೆ. ಸಂಜೆ ಸಾಧ್ಯವಾದಾಗಲೆಲ್ಲ ಟ್ಯಾಂಕು ತುಂಬಿ ನಿಲ್ಲಿಸಿದೆ.

ಆಯಿಲ್ ಕೂಲರಿನ ಮುಂಭಾಗದ ಅರ್ಧಕ್ಕೆ ಬಟ್ಟೆಯ ಟೇಪು ಅಂಟಿಸಿದೆ. ಇಂಜಿನ್ ಸಾಕಷ್ಟು ಬಿಸಿಯಾಗದಿದ್ದರೆ ಒಳಗೆ ಕೂತ ತೇವ ಆವಿಯಾಗದೆ ಆಯಿಲಿಗೆ ಬೆರೆತು, ಮುಚ್ಚಳದ ಒಳಗೆ ಹಾಲಿನ ಬಣ್ಣದ ನೊರೆ ಕಟ್ಟುತ್ತದೆ. ಇಂಜಿನ್ನಿನ ಉಸಿರಾಟದ ಪೈಪಿನ ತಗ್ಗಿನಲ್ಲಿ ನೀರು ನಿಂತಿಲ್ಲವೆಂದೂ ನೋಡಿಕೊಂಡೆ. ಆ ಪೈಪು ಮಂಜುಗಟ್ಟಿ ಮುಚ್ಚಿಕೊಂಡರೆ ಒಳಗಿನ ಒತ್ತಡ ಆಯಿಲ್ ಸೀಲುಗಳನ್ನೇ ಹೊರಗೆ ತಳ್ಳುತ್ತದೆ.

ದಾರಿಯಲ್ಲಿ

ಯಶವಂತಪುರದಿಂದ ಸಂಪರ್ಕ ಕ್ರಾಂತಿಯಲ್ಲಿ ಬೈಕು ಚಂಡೀಗಢಕ್ಕೆ ಹೋಯಿತು. ಪಾರ್ಸೆಲಿಗೆ ಹಾಕುವಾಗ ಟ್ಯಾಂಕು ಖಾಲಿ ಮಾಡಲೇಬೇಕು, ಅದು ರೈಲ್ವೆ ನಿಯಮ. ಕನ್ನಡಿ, ವೋಲ್ಟ್ ಮೀಟರು, ಕೈಚೀಲಗಳನ್ನು ಬಿಚ್ಚಿ ಜೊತೆಗಿಟ್ಟುಕೊಂಡೆ.

ಚಳಿಗಾಲದಲ್ಲಿ ಕುಂಜುಂ ಕಣಿವೆದಾರಿ ಮುಚ್ಚಿರುತ್ತದೆ. ಮನಾಲಿಯ ಕಡೆಯಿಂದ ಸ್ಪಿತಿಗೆ ಹೋಗುವಂತಿಲ್ಲ. ಶಿಮ್ಲಾ, ನಾರ್ಕಂಡಾ, ರಾಂಪುರ, ಕಿನ್ನೌರ್ ಹಾದು ಸಟ್ಲೆಜ್ ಹಿಡಿದು ಮೇಲೇರಿ, ಖಾಬಿನಲ್ಲಿ ಸ್ಪಿತಿ ನದಿ ಸೇರುವಲ್ಲಿ ತಿರುಗಿ, ನಾಕೊ, ಸುಮ್ದೋ, ತಾಬೋ ದಾಟಿ ಕಾಜಾ. ಹೋದ ದಾರಿಯಲ್ಲೇ ವಾಪಸು. ರೆಕಾಂಗ್ ಪಿಯೊ ಕೆಳಗಿನ ಪೊವಾರಿಯಲ್ಲಿ ಪೆಟ್ರೋಲು ತುಂಬಿಸಿಕೊಂಡರೆ ಮುಂದಿನ ಬಂಕು ಕಾಜಾದಲ್ಲೇ, 3,740 ಮೀಟರ್ ಎತ್ತರದಲ್ಲಿ. 15 ಲೀಟರಿನ ಟ್ಯಾಂಕಿಗೆ ಅದು ಭಾರವಲ್ಲ.

ಮೊದಲ ಕಪ್ಪು ಮಂಜು ಸಿಕ್ಕಿದ್ದು ನಾರ್ಕಂಡಾದಲ್ಲಿ, ದೇವದಾರುಗಳ ನೆರಳು ಬಿದ್ದ ತಿರುವಿನಲ್ಲಿ. ಒದ್ದೆ ಡಾಂಬರಿನಂತೆ ಕಾಣುತ್ತದೆ, ಚಕ್ರ ಏರಿದ ಮೇಲೆ ಗೊತ್ತಾಗುತ್ತದೆ. ಅಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದು ಮುಖ್ಯ: ಮುಂದಿನ ಬ್ರೇಕು ಮುಟ್ಟಬಾರದು, ಥ್ರಾಟಲ್ ಥಟ್ಟನೆ ಬಿಡಬಾರದು, ಹ್ಯಾಂಡಲ್ ತಿರುಗಿಸಬಾರದು. ಎರಡನೇ ಗೇರಿನಲ್ಲಿ ಇಂಜಿನ್ ತನ್ನಷ್ಟಕ್ಕೆ ಎಳೆಯುವ ವೇಗದಲ್ಲಿ, ಎರಡು ಕಾಲನ್ನೂ ನೆಲಕ್ಕೆ ಹತ್ತಿರ ಇಟ್ಟು ದಾಟಬೇಕು. ಬೆಳಗ್ಗೆ ಹತ್ತಕ್ಕೆ ಮೊದಲು ಹೊರಡದಿರುವುದು, ಸೂರ್ಯ ಬೆಟ್ಟದ ಹಿಂದೆ ಹೋಗುವ ಮೊದಲೇ ನಿಲ್ಲಿಸುವುದು ಇಲ್ಲಿನ ಚಾಲಕರ ಪದ್ಧತಿ, ನಾನೂ ಅದನ್ನೇ ಹಿಡಿದೆ. ಮಧ್ಯಾಹ್ನ ಕರಗಿ ರಸ್ತೆಗೆ ಹರಿದ ನೀರು ಸಂಜೆ ನಾಲ್ಕರ ಹೊತ್ತಿಗೆ ಗಾಜಾಗಲು ಶುರುವಾಗುತ್ತದೆ. ಸರಪಳಿ ಬೇಕಾದದ್ದು ನಾಕೊದ ಏರಿನಲ್ಲಿ ಮತ್ತು ಅದರಾಚೆಯ ಮಲಿಂಗ್ ನಾಲೆ ಎಂಬ ಬೆಟ್ಟದ ತೊರೆಯ ಬಳಿ. ಗಂಟೆಗೆ 20 ಕಿಲೋಮೀಟರು ಮೀರಲಿಲ್ಲ, ಡಾಂಬರು ಕಂಡ ಕೂಡಲೇ ಬಿಚ್ಚಿದೆ. ಒಣ ರಸ್ತೆಯಲ್ಲಿ ಸರಪಳಿ ಟೈರನ್ನು ತಿನ್ನುತ್ತದೆ.

ಬೈಕು ನಿಲ್ಲಿಸುವುದಕ್ಕೂ ಒಂದು ಕ್ರಮ ಬೇಕಾಯಿತು. ಊರು ತಲುಪುವ ಕೊನೆಯ ಕಿಲೋಮೀಟರಿನಲ್ಲಿ ಎರಡೂ ಬ್ರೇಕುಗಳನ್ನು ಲಘುವಾಗಿ ಹಿಡಿದು ಓಡಿಸಿ ಡಿಸ್ಕು ಒಣಗಿಸಿಕೊಂಡೆ, ಇಲ್ಲದಿದ್ದರೆ ಪ್ಯಾಡು ಡಿಸ್ಕಿಗೆ ಅಂಟಿ ಹೆಪ್ಪುಗಟ್ಟುತ್ತದೆ. ಇಂಜಿನ್ ಬಿಸಿ ಇರುವಾಗಲೇ ಚೈನನ್ನು ಬಟ್ಟೆಯಲ್ಲಿ ಒರೆಸಿ ತೆಳ್ಳಗೆ ಎಣ್ಣೆ ಹಚ್ಚಿದೆ. ಮಂಜಿನ ಮೇಲೆ ಎರಚುವ ಮರಳು ಚೈನಿಗೆ ಸಾಣೆ ಹಿಡಿಯುತ್ತದೆ. ಸೈಡ್ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು. ಬೆಳಗಿನ ಬಿಸಿಲು ಬೀಳುವ ಕಡೆಗೆ ಇಂಜಿನ್ನಿನ ಮುಖ. ಬ್ಯಾಟರಿ ಕೋಣೆಯೊಳಗೆ, ತಂದೂರ್ ಎಂದು ಇಲ್ಲಿನವರು ಕರೆಯುವ ಕಟ್ಟಿಗೆ ಒಲೆಯಿಂದ ದೂರದ ಮೂಲೆಯಲ್ಲಿ.

ಬೆಳಗ್ಗೆ ಬೆಚ್ಚನೆಯ ಬ್ಯಾಟರಿ ಕೂರಿಸಿ, ಮೀಟರಿನ ಗಡಿಯಾರ ಹೊಂದಿಸಿ, ಕೀಲಿ ಹಾಕಿ ಪೆಟ್ರೋಲ್ ಪಂಪಿನ ಸದ್ದು ನಿಲ್ಲುವವರೆಗೆ ಕಾಯಬೇಕು. ಕ್ಲಚ್ಚು ಪೂರ್ತಿ ಹಿಡಿದು ಸೆಲ್ಫ್ ಒತ್ತಬೇಕು, ಗೇರ್‌ಬಾಕ್ಸಿನ ಗಟ್ಟಿ ಆಯಿಲನ್ನೂ ತಿರುಗಿಸುವ ಹೊರೆ ಅಷ್ಟು ಕಮ್ಮಿ. ಐದು ಸೆಕೆಂಡಿಗಿಂತ ಹೆಚ್ಚು ಒತ್ತದೆ, ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ. ತಾಬೋದಲ್ಲಿ ಹ್ಯಾಂಡಲಿಗೆ ಕಟ್ಟಿದ ಥರ್ಮಾಮೀಟರು ಮೈನಸ್ 17 ತೋರಿಸಿದ ಬೆಳಗ್ಗೆ ಇಂಜಿನ್ ಎರಡನೇ ಒತ್ತಿಗೆ ಹಿಡಿಯಿತು. ಕಾಜಾದಲ್ಲಿ ಮೈನಸ್ 22. ಸೆಲ್ಫಿನ ಸದ್ದು ಭಾರವಾಗಿತ್ತು, ಆದರೆ ನಿಲ್ಲಲಿಲ್ಲ. ಎರಡು ನಿಮಿಷ ನಿಂತಲ್ಲೇ ಓಡಿಸಿ, ಆಮೇಲೆ ನಿಧಾನಕ್ಕೆ ಹೊರಡುವುದು. ಅರ್ಧ ಗಂಟೆ ನಿಂತಲ್ಲೇ ಬಿಸಿ ಮಾಡುವುದರಿಂದ ತೇವ ಹೆಚ್ಚುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ.

ಕಾಜಾದ ಇನ್ನೊಂದು ಬೆಳಗ್ಗೆ ಥ್ರಾಟಲ್ ತಿರುಗಿಸಿ ಬಿಟ್ಟರೆ ಹಿಂದಕ್ಕೆ ಬರುತ್ತಿರಲಿಲ್ಲ. ಹಿಂದಿನ ದಿನ ತೊರೆ ದಾಟುವಾಗ ಎರಚಿದ ನೀರು ಕೇಬಲಿನ ಕೆಳಗಿನ ರಬ್ಬರ್ ಟೋಪಿಯೊಳಗೆ ಇಳಿದು ಗಡ್ಡೆಯಾಗಿತ್ತು. ಇಂಥ ಹೊತ್ತಲ್ಲಿ ಸ್ಟಾರ್ಟ್ ಮಾಡಲೇಬಾರದು. ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆ ಸುತ್ತಿ ಕೇಬಲಿನ ಮೇಲಿಟ್ಟು, ಕರಗಿದ ನೀರನ್ನು ಒರೆಸಿ, ಟೋಪಿಯನ್ನು ಮೇಲೆ ಸರಿಸಿ ಎಣ್ಣೆ ಬಿಟ್ಟು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ, ಥ್ರಾಟಲ್ ತಾನಾಗಿ ಟಪ್ಪೆಂದು ಮುಚ್ಚುವವರೆಗೆ ಕೀಲಿ ಮುಟ್ಟಲಿಲ್ಲ. ಟೋಪಿಯ ಬಾಯಿಗೆ ಸಿಲಿಕೋನ್ ಗ್ರೀಸು ತುಂಬಿದ ಮೇಲೆ ಮತ್ತೆ ಹಾಗಾಗಲಿಲ್ಲ. ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೂ ಕೆಸರು ಮಂಜು ಮೆತ್ತಿ ಗಟ್ಟಿಯಾಗುತ್ತಿತ್ತು, ಪ್ರತಿ ನಿಲುಗಡೆಯಲ್ಲಿ ಹಳೆಯ ಟೂತ್‌ಬ್ರಷ್ಷಿನಿಂದ ಕೆರೆದು ತೆಗೆಯುವುದೇ ಅದಕ್ಕೆ ಮದ್ದು.

ಎತ್ತರಕ್ಕೆ ಇಂಜಿನ್ನಿನ ಶಕ್ತಿ ಮೂರರಲ್ಲಿ ಒಂದು ಪಾಲು ಹೋದದ್ದು ತಿಳಿಯುತ್ತದೆ, ಆದರೆ ಈ ರಸ್ತೆಯಲ್ಲಿ ಅದು ಕೊರತೆ ಎನಿಸಲಿಲ್ಲ. ಇಂಜೆಕ್ಷನ್ ತೆಳು ಗಾಳಿಗೆ ತಾನೇ ಹೊಂದಿಕೊಳ್ಳುತ್ತದೆ.

ಮರಳಿದ ಮೇಲೆ

ಮನೆಗೆ ಬಂದ ಕೂಡಲೇ ಆಯಿಲ್ ಇಳಿಸಿದೆ. ಬಣ್ಣ ಕಪ್ಪಾಗಿತ್ತು, ನೊರೆ ಇರಲಿಲ್ಲ. ಕೂಲರಿನ ಟೇಪು ಕೆಲಸ ಮಾಡಿದೆ. ಬೇಸಿಗೆಗೆ ಮತ್ತೆ 15ಡಬ್ಲ್ಯು-50. ಮುಂದಿನ ಚಕ್ರದ ಬೇರಿಂಗಿನ ಒಂದು ಬದಿಯ ಸೀಲಿನೊಳಗೆ ನೀರು ಹೋಗಿ ಗ್ರೀಸು ಬೂದುಬಣ್ಣಕ್ಕೆ ತಿರುಗಿತ್ತು, ಎರಡೂ ಬೇರಿಂಗು ಬದಲಿಸಿದೆ. ಚೈನಿನ ಮೂರು ಕೊಂಡಿ ಬಿಗಿಯಾಗಿವೆ. ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೂ ಬಿಡಲಿಲ್ಲ, ಸ್ಪ್ರಾಕೆಟ್ ಸಮೇತ ಹೊಸದು ಬರಬೇಕು. ಕ್ಯಾಲಿಪರ್ ಪಿನ್ನುಗಳು ಬೆರಳಲ್ಲಿ ಜಾರುವಷ್ಟು ಸರಾಗ. ಸಿಲಿಕೋನ್ ವೈರು ಎಲ್ಲೂ ಬಿರಿದಿಲ್ಲ. ರಿಲೇಯ ಅರ್ಥಿಂಗ್ ಬೋಲ್ಟಿನ ಸುತ್ತ ಹಸಿರು ಕಿಲುಬು ಕೂತಿದೆ, ಆ ತಂತಿಯನ್ನು ಚಾಸಿಯಿಂದ ಕಿತ್ತು ನೇರ ಬ್ಯಾಟರಿಯ ನೆಗೆಟಿವ್‌ಗೆ ತರುತ್ತಿದ್ದೇನೆ. ಕೈಚೀಲಗಳು ವೇಗದಲ್ಲಿ ಗಾಳಿಗೆ ಒಳಕ್ಕೆ ಒತ್ತಿ ಬ್ರೇಕ್ ಲಿವರಿಗೆ ತಾಗುತ್ತಿದ್ದವು; ಬಾಯಿಯ ಸುತ್ತ ಪ್ಲಾಸ್ಟಿಕ್ ಬಳೆ ಸೇರಿಸಿ ಮತ್ತೆ ಹೊಲಿಯಲು ಕೊಟ್ಟಿದ್ದೇನೆ. ಬಳೆಗೆ ತಂದ ಪ್ಲಾಸ್ಟಿಕ್ಕಿನ ತುಂಡು ಸದ್ಯ ಫ್ರೀಜರಿನಲ್ಲಿದೆ.